ಮೂರು ದಿನದ ಹಾಜರಿ

ಪರೀಕ್ಷೆ ಹತ್ತಿರ ಬಂದರೆ ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಒಂದೊಂದು ಕುರ್ಚಿಗೂ ಪೈಪೋಟಿ. ಸೀಟು ಹಿಡಿದವರು ಬೆಳಿಗ್ಗೆ ಒಂಬತ್ತರೊಳಗೆ ಬಾಗಿಲ ಯಂತ್ರಕ್ಕೆ ಕಾರ್ಡ್ ತೋರಿಸಬೇಕು. ತಪ್ಪಿದರೆ ಸೀಟು ಬೇರೆಯವರ ಪಾಲು. ಆ ಬಾಗಿಲ ಪಕ್ಕದ ಮೇಜು ನನ್ನದು. ನಿವೃತ್ತಿಗೆ ಎರಡೇ ತಿಂಗಳಿತ್ತು.

ಆ ವರ್ಷ ಲೈಬ್ರರಿ, ಹಾಸ್ಟೆಲ್, ಆರೋಗ್ಯ ಕೇಂದ್ರ ಮೂರೂ ಕೂಡಿ ಒಂದು ಏರ್ಪಾಡು ಮಾಡಿದ್ದವು. ಹಾಸ್ಟೆಲಿನ ಹುಡುಗಿ ಸೀಟು ಹಿಡಿದೂ ಎರಡು ದಿನ ಬರದಿದ್ದರೆ, ಅವಳ ಹೆಸರು ಸಂಜೆಯೇ ನನ್ನ ಮೇಜಿನಿಂದ ವಾರ್ಡನ್‌ಗೆ ಹೋಗಬೇಕು. ವಾರ್ಡನ್ ಕೋಣೆಗೆ ಹೋಗಿ ನೋಡಿ, ಬೇಕಾದರೆ ಡಾಕ್ಟರಮ್ಮನನ್ನು ಕರೆಸಬೇಕು. ಮೊದಲ ತಿಂಗಳಲ್ಲೇ ಇಬ್ಬರಿಗೆ ಇದರಿಂದ ಉಪಕಾರವಾಗಿತ್ತು.

ಸೋಮವಾರ, ನಾವೆಲ್ಲ ಪಟಾಕಿ ಎಂದು ಕರೆಯುತ್ತಿದ್ದ ಹುಡುಗಿ ಒಂದಾದ ಮೇಲೊಂದು ಎರಡು ಕಾರ್ಡ್ ತೋರಿಸಿದಳು.

“ಎರಡನೇದು ಯಾರದೇ?”

“ನಮ್ಮ ಗೂಬೇದು, ಅಮ್ಮಾ. ರಾತ್ರಿಯೆಲ್ಲ ಓದಿ ಈಗ ಗೊರಕೆ ಹೊಡೀತಿರ್ತಾಳೆ. ಕಾರ್ಡು ನನ್ನ ಬ್ಯಾಗಲ್ಲೇ ಬಿಟ್ಟಿದ್ಲು. ಸೀಟು ಹೋದ್ರೆ ನನ್ನ ಚರ್ಮ ಸುಲೀತಾಳೆ!”

“ನಾನು ನೋಡಿಲ್ಲ. ಓಡು.”

ಗೆಳತಿಗಾಗಿ ಇಷ್ಟು ಮಾಡುವವಳು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಮಂಗಳವಾರ, ಬುಧವಾರವೂ ಹಾಗೆಯೇ ಬಿಟ್ಟೆ. ಪಟಾಕಿ ಮನೆಯಿಂದ ಓಡಾಡುವವಳು, ಹಾಸ್ಟೆಲಿನೊಳಗೆ ಅವಳನ್ನು ಬಿಡುತ್ತಿರಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಇದ್ದ ಗೂಬೆಗೆ ಪರೀಕ್ಷೆಯ ದಿನಗಳಲ್ಲಿ ಫೋನ್ ಆರಿಸಿಡುವ ಅಭ್ಯಾಸ.

ಗುರುವಾರ ಬೆಳಿಗ್ಗೆ ಪಕ್ಕದ ಕೋಣೆಯವರು ಎಷ್ಟು ಕೂಗಿದರೂ ಗೂಬೆ ಬಾಗಿಲು ತೆರೆಯಲಿಲ್ಲ. ಚಿಲಕ ಒಡೆದು ನೋಡಿದರೆ ಹುಡುಗಿ ಜ್ವರದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮರುದಿನ ಮೂರೂ ಕಡೆಯವರ ಸಭೆ ಸೇರಿತು.

“ಪಟ್ಟೀಲಿ ಹೆಸರೇ ಇರ್ಲಿಲ್ಲ,” ಎಂದರು ವಾರ್ಡನ್. ಅತ್ತು ಅತ್ತು ಅವರ ಕಣ್ಣು ಊದಿತ್ತು. “ಮೂರು ದಿನವೂ ಲೈಬ್ರರಿಗೆ ಹೋಗಿದ್ದಾಳೆ ಅಂತಿದೆ. ನಾನೇನು ಕನಸು ಕಾಣ್ಬೇಕಿತ್ತಾ?”

“ಅವಳು ಬಂದಿರಲಿಲ್ಲ,” ಎಂದೆ. “ಬೇರೆಯವರು ಅವಳ ಕಾರ್ಡು ತೋರಿಸಿದ್ರು. ನಾನು ನೋಡಿಯೂ ಬಿಟ್ಟೆ.”

ಯಾರು ಎಂದು ಕೇಳಿದರು. ನಾನು ಹೇಳಲಿಲ್ಲ. ಕೇಳಿಯೇ ಕೇಳಿದರು. ಡಾಕ್ಟರಮ್ಮ ನೀರಿನ ಲೋಟವನ್ನು ನನ್ನತ್ತ ಸರಿಸಿ, “ಸಾಕು ಬಿಡಿ,” ಎಂದರು. ಹೊರಗೆ ಬಂದ ಮೇಲೆ ನಾನೇ ಅವರನ್ನು ತಡೆದು, ಮೊದಲೇ ತಿಳಿದಿದ್ದರೆ ಉಳಿಸಬಹುದಿತ್ತೇ ಎಂದು ಕೇಳಿದೆ. ಅವರು ನೆಲ ನೋಡುತ್ತ ಹೇಳಿದರು: “ಮಂಗಳವಾರ ಸಂಜೆ ಸಿಕ್ಕಿದ್ರೂ ಉಳಿಸ್ಕೋತಿದ್ವಿ.”

ಪಟಾಕಿ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದಳು.

“ಅಮ್ಮಾ, ನಾನು ಕಾರ್ಡು ತೋರಿಸ್ದೇ ಇದ್ದಿದ್ರೆ ಅವಳು ಬದುಕ್ತಿದ್ಲಾ?”

“ಗೊತ್ತಿಲ್ಲ ಕಣಮ್ಮ.”

ನನಗೆ ಸುಳ್ಳು ಹೇಳಿ ರೂಢಿಯಿಲ್ಲ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವಳಿಗೆ ತಿಳಿದುಹೋಯಿತು. ಎದ್ದು ಬಂದಳು. ನನ್ನ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿದಳು.