ಗಿಡ ನಿಂತ ದಿನ

ಚಳಿ ಇನ್ನೇನು ಮುಗಿಯಿತು ಅನ್ನುವ ಕಾಲ. ಬೀದಿದೀಪ ಆರಿ, ಹಾಲಿನ ಗಾಡಿ ಹೋಗಿ ಸ್ವಲ್ಪ ಹೊತ್ತಾಗಿತ್ತು. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ಬಗ್ಗಿಸಿ ಮಗಳು ಟೀ ಫ್ಲಾಸ್ಕು ಹಿಡಿದು ಕ್ಷೌರದಂಗಡಿಯೊಳಗೆ ಬಂದಾಗ ಅವಳಪ್ಪ ಅಂಗಿಯ ತೋಳು ಮಡಚಿ, ಮೀನಿನ ತೊಟ್ಟಿಯೊಳಗೆ ಮೊಣಕೈ ತನಕ ಕೈ ಇಳಿಸಿದ್ದ.

“ಏನಪ್ಪಾ ಮಾಡ್ತಿದ್ದೀಯಾ?”

“ಕಳೆ ಕೀಳ್ತಿದ್ದೀನಿ.”

ಅವನ ಬೆರಳಲ್ಲಿ ಉದ್ದೆಲೆಯ ಹಸಿರು ಗಿಡವೊಂದಿತ್ತು. ಅವಳ ಗಂಡ ಹಿಂದಿನ ಸಂಜೆಯಷ್ಟೇ ನೆಟ್ಟದ್ದು. ಬೇರಿನಿಂದ ಜಲ್ಲಿ ಉದುರಿತು. ಅಪ್ಪ ಕೈ ಬಿಟ್ಟ. ಗಿಡ ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗಿತು. ಬೆಂಚಿನ ಮೇಲೆ ಪಕ್ಕದಂಗಡಿಯ ದರ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಬಾಯಿ ಬಿಟ್ಟೀಯ ತಾಯಿ! ನಿನ್ನ ಗಂಡ ಬಂದು ತೊಟ್ಟಿ ಮುಂದೆ ಬಾಯಿ ತೆಕ್ಕೊಂಡು ನಿಲ್ತಾನಲ್ಲ, ಯಾವುದು ಮೀನು ಯಾವುದು ಅಳಿಯ ಗೊತ್ತಾಗಲ್ಲ.”

ಮಗಳಿಗೂ ನಗು ಬಂತು. ಬರಬಾರದಿತ್ತು, ಬಂತು.

ಆ ಅಂಗಡಿಯಲ್ಲಿ ಎರಡು ಕುರ್ಚಿ. ಒಂದರಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ. ಇನ್ನೊಂದರ ಮೇಲೆ ಹಳೇ ದುಪ್ಪಟಿ ಹೊದಿಸಿತ್ತು. ಮದುವೆ ಮಾತಿನಲ್ಲಿ, “ನನಗೆ ಗಂಡುಮಕ್ಕಳಿಲ್ಲ, ಎರಡನೇ ಕುರ್ಚಿ ಅಳಿಯನದು” ಎಂದು ತಾನಾಗಿಯೇ ಹೇಳಿದ್ದ. ಆ ಮಾತು ನಂಬಿ ಹುಡುಗ ತಾನು ದುಡಿಯುತ್ತಿದ್ದ ಅಂಗಡಿ ಬಿಟ್ಟು ಬಂದ. ಒಳ್ಳೆಯ ಕೈ ಅವನದು. ಅವನು ಕತ್ತರಿ ಆಡಿಸಿದರೆ ಸದ್ದು ಕೇಳಿಯೇ ನಿದ್ದೆ ಬರುತ್ತಿತ್ತು ಅನ್ನುತ್ತಿದ್ದರು ಹಳೇ ಗಿರಾಕಿಗಳು. ಇಲ್ಲಿ ಬಂದು ಅವನು ಹಿಡಿದದ್ದು ಪೊರಕೆ. ಕೂದಲು ಗುಡಿಸು, ಟವೆಲು ಒಗೆ, ಮೀನಿನ ತೊಟ್ಟಿ ತೊಳೆ. ಮಾವ ಇಟ್ಟ ಹೆಸರು ಮೀನಪ್ಪ. “ಅಳಿಯ ಅಲ್ಲ ಕಣ್ರೀ, ಮಗಳ ಗಂಡ” ಎಂದು ಗಿರಾಕಿಗಳಿಗೆ ಪರಿಚಯ ಮಾಡಿಕೊಡುತ್ತಿದ್ದ. ಗಂಡ ಹೆಂಡತಿ ಇದ್ದದ್ದು ಅಪ್ಪನ ಮನೆಯ ಅಡುಗೆಮನೆ ಹಿಂದಿನ ಕೋಣೆಯಲ್ಲಿ. ಕುರ್ಚಿ ಸಿಕ್ಕರೆ ಹೋಗುವುದೆಂದು ಮೇಲ್ಮಹಡಿಯ ಒಂದು ಮನೆ ನೋಡಿ ಇಟ್ಟಿದ್ದರು. ಅದಕ್ಕೊಂದು ದೊಡ್ಡ ಕಿಟಕಿಯಿತ್ತು. ಮಗಳು ಆ ಕಿಟಕಿಗೆ ಪರದೆ ಕೂಡ ಹೊಲಿದಿಟ್ಟಿದ್ದಳು.

ಆ ಚಳಿಗಾಲದಲ್ಲೇ ಒಂದು ದಿನ ಅಂಗಡಿ ತುಂಬಿದ್ದಾಗ ಅಳಿಯ ಧೈರ್ಯ ಮಾಡಿ ಕುರ್ಚಿಯ ಮಾತೆತ್ತಿದ. ಮಾವ ಕತ್ತರಿ ನಿಲ್ಲಿಸಿ, ಬೋಳು ಜಲ್ಲಿಯ ತೊಟ್ಟಿಯ ಕಡೆ ನೋಡಿದ.

“ಅದರಲ್ಲಿ ನಾಲ್ಕು ಗಿಡ ನಿಲ್ಲಿಸು. ನಿಂತ ದಿನ ದುಪ್ಪಟಿ ತೆಗೀತೀನಿ. ಗಿಡ ನಿಲ್ಲಿಸೋಕಾಗದ ಕೈನ ಜನರ ತಲೆ ಮೇಲೆ ಹೇಗಪ್ಪ ಬಿಡಲಿ?”

ಎಲ್ಲರೂ ನಕ್ಕರು. ಅಳಿಯ ಮಾತ್ರ ಅದನ್ನು ಮಾತೆಂದು ತೆಗೆದುಕೊಂಡ.

ಮೀನು ಮಾರುವವನ ಹತ್ತಿರ ಹೋಗಿ ಗಿಡ ತಂದ, ನೆಡುವ ಬಗೆ ಕೇಳಿಕೊಂಡು ಬಂದ. ಬೇರಿನ ತುದಿ ಕತ್ತರಿಸಿ ಚಿಕ್ಕದು ಮಾಡಬೇಕು. ಉದ್ದ ಚಿಮುಟದಲ್ಲಿ ಹಿಡಿದು ಜಲ್ಲಿಯೊಳಗೆ ಓರೆಯಾಗಿ ಚುಚ್ಚಬೇಕು, ಚಿಮುಟ ಮೆಲ್ಲಗೆ ಬಿಡಿಸಿಕೊಳ್ಳಬೇಕು. ಎಲೆ ಹುಟ್ಟುವ ಬುಡ ಮೇಲಿರಬೇಕು, ಹೂತರೆ ಕೊಳೆಯುತ್ತದೆ. ನೀರು ಸುರಿಯುವಾಗ ಜಲ್ಲಿ ಕದಡದ ಹಾಗೆ ತಟ್ಟೆಯ ಮೇಲೆ ಸುರಿಯಬೇಕು. ತಲೆ ಕ್ಷೌರದಷ್ಟೇ ನಾಜೂಕಾಗಿ ಎಲ್ಲ ಮಾಡಿದ. ಬೆಳಿಗ್ಗೆ ಬಂದರೆ ಗಿಡ ತೇಲುತ್ತಿದ್ದವು.

“ಏನೋ ಮೀನಪ್ಪ, ನಿನ್ನ ತೋಟ ಈಜಕ್ಕೆ ಹೊರಟಿದೆಯಲ್ಲೋ!” ಎನ್ನುತ್ತಿದ್ದ ಮಾವ. ಗಿರಾಕಿಗಳು ಕನ್ನಡಿಯಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ದಿನ ಕಳೆದಂತೆ ಅಂಗಡಿಗೆ ಬರುವ ಎಲ್ಲರಿಗೂ ಗುಟ್ಟು ಗೊತ್ತಾಯಿತು. ಗೊತ್ತಿಲ್ಲದವನು ಅವನೊಬ್ಬನೇ.

ಇನ್ನೊಂದು ಗುಟ್ಟಿತ್ತು, ಅದು ದರ್ಜಿಗೂ ಗೊತ್ತಿರಲಿಲ್ಲ. ಅಪ್ಪನ ಬಲಗೈ ನಡುಗಲು ಶುರುವಾಗಿತ್ತು. ಕತ್ತರಿಯನ್ನು ಬಾಚಣಿಗೆಗೆ ಒರಗಿಸಿಕೊಂಡು ಹೇಗೋ ಸಾಗಿಸುತ್ತಿದ್ದ. ಗಿರಾಕಿಗಳ ಗಡ್ಡಕ್ಕೆ ಮೆಷೀನು ತಂದಿಟ್ಟು, “ಕತ್ತಿಯ ಕಾಲ ಹೋಯ್ತು” ಅನ್ನುತ್ತಿದ್ದ. ಆದರೆ ಅವನ ಸ್ವಂತ ಕೆನ್ನೆಗೆ ಮೆಷೀನು ಒಗ್ಗದು. ನುಣ್ಣಗಿನ ಮುಖವೇ ಅಂಗಡಿಯ ಬೋರ್ಡು ಅನ್ನುವ ಜಂಬ. ಅದಕ್ಕೇ ಭಾನುವಾರ ಬೆಳಿಗ್ಗೆ ಶಟರು ಅರ್ಧ ಇಳಿಸಿಕೊಂಡು, ದರ್ಜಿ ಏಳುವ ಮೊದಲೇ, ಅಳಿಯನ ಕೈಯಲ್ಲಿ ಕತ್ತಿಯ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಅಳಿಯ ಅದನ್ನು ಯಾರ ಮುಂದೆಯೂ ಆಡಲಿಲ್ಲ.

ಬೇಸಿಗೆ ಕಾಲಿಟ್ಟಾಗ ಅಳಿಯ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕಪ್ಪು ದಾರ ಕೇಳಿ ಪಡೆದ. ಗಿಡಗಳ ಬೇರನ್ನು ಚಪ್ಪಟೆ ಕಲ್ಲಿಗೆ ಸುತ್ತಿ ಕಟ್ಟಿ, ಕಲ್ಲನ್ನೇ ಜಲ್ಲಿಯೊಳಗೆ ಹೂತ. ಮರುದಿನ ಸಂಜೆ ಕೋಣೆಯ ಬಾಗಿಲು ಮುಂದೆ ಮಾಡಿ, ಅಂಗೈಯಲ್ಲಿ ದಾರದ ಚೂರು ಹಿಡಿದು ತೋರಿಸಿದ.

“ಇದನ್ನ ನೋಡು.”

“ಏನಿದು?”

“ನಾನು ಕಟ್ಟಿದ ದಾರ. ಕಚ್ಚಿ ಹರಿದಿದ್ರೆ ತುದಿ ಎಳೆ ಎಳೆ ಆಗಿರುತ್ತೆ. ಇದು ಒಂದೇ ಏಟಿಗೆ ಕತ್ತರಿಸಿದ್ದು. ಮೀನಿಗೆ ಹಲ್ಲಿರಬಹುದು ಕಣೇ, ಕತ್ತರಿ ಇರಲ್ಲ.”

ಅವಳು ಒಣಗಿದ ಬಟ್ಟೆ ಮಡಚತೊಡಗಿದಳು.

“ದಿನಾ ಬೆಳಿಗ್ಗೆ ಟೀ ತಗೊಂಡು ಹೋಗ್ತೀಯಲ್ಲ. ಏನಾದ್ರೂ ನೋಡಿದ್ಯಾ?”

ಹೇಳಿಬಿಡಬಹುದಿತ್ತು. ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಉತ್ತರ ಕೊಡಬೇಕಾಗುತ್ತಿತ್ತು. ಮೊದಲ ದಿನ ನಕ್ಕದ್ದು ನೆನಪಾಯಿತು.

“ಇಲ್ಲಪ್ಪ. ನಾನೇನೂ ನೋಡಿಲ್ಲ.”

ಅವನು ಅವಳ ಮುಖ ನೋಡಿದ. ಆಮೇಲೆ ದಾರದ ಚೂರನ್ನು ಅವಳ ಹೊಲಿಗೆ ಡಬ್ಬಿಯೊಳಗೇ ಇಟ್ಟು ಮುಚ್ಚಿದ. ಆವತ್ತಿನಿಂದ ಆ ಮಾತೆತ್ತಲಿಲ್ಲ. ಗಿಡ ನೆಡುವುದನ್ನೂ ಬಿಡಲಿಲ್ಲ. ಸಂಜೆ ನೆಡುತ್ತಿದ್ದ, ಬೆಳಿಗ್ಗೆ ತೇಲಿದ್ದನ್ನು ಎತ್ತಿಡುತ್ತಿದ್ದ, ಜನ ನಕ್ಕರೆ ತಾನೂ ನಗುತ್ತಿದ್ದ. ದರ್ಜಿಗೆ ಬೇಜಾರಾಯಿತು. “ಇವನೇನ್ರೀ, ಗೋರ್ಕಲ್ಲ ಮೇಲೆ ಮಳೆ ಸುರಿದಂಗೆ” ಅಂದ.

ಮೊದಲ ಮಳೆ ಬಿದ್ದ ವಾರದ ಭಾನುವಾರ. ಮಗಳು ಫ್ಲಾಸ್ಕು ಹಿಡಿದು ಶಟರಿನ ಕೆಳಗೆ ನುಗ್ಗಿದಾಗ ಎರಡನೇ ಕುರ್ಚಿಯ ದುಪ್ಪಟಿ ಮಡಚಿ ಬೆಂಚಿನ ಮೇಲಿತ್ತು. ಅಪ್ಪ ಅಂಗಡಿಯ ನಡುವೆ ನಿಂತಿದ್ದ.

“ಯಾರೋ ತೆಗೆದದ್ದು ಇದನ್ನ?”

“ಗಿಡ ನಿಂತಿದೆ ಮಾವ.”

ಅಳಿಯ ತೊಟ್ಟಿಗೆ ಕೈ ಹಾಕಿ ಹಿಂಬದಿಯ ದೊಡ್ಡ ಕಲ್ಲನ್ನು ಸರಿಸಿದ. ಮೂಲೆಯಲ್ಲಿ, ಪಾಚಿ ಹಿಡಿದ ಗಾಜಿಗೆ ಒತ್ತಿಕೊಂಡು, ಉದ್ದೆಲೆಯ ಗಿಡ ನೆಟ್ಟಗೆ ನಿಂತಿತ್ತು. ಅದರ ಬುಡದಿಂದ ದಾರದಂಥ ಬಳ್ಳಿ ಜಲ್ಲಿಯ ಮೇಲೆ ಹರಿದು, ಮರಿಗಿಡಗಳನ್ನು ಇಳಿಸಿತ್ತು. ತೊಟ್ಟಿ ತೊಳೆಯುವ ನೆಪದಲ್ಲಿ ಎಂದೋ ನೆಟ್ಟದ್ದು. ತೊಟ್ಟಿಯ ಮುಂಬದಿಯಲ್ಲಿ ನೆಟ್ಟದ್ದೆಲ್ಲ ಕೀಳುವವರ ಕಣ್ಣಿಗಾಗಿ.

“ಒಂದು ದೊಡ್ಡದು, ಮೂರು ಮರಿ. ನಾಲ್ಕು ಗಿಡ ಅಂದಿದ್ರಿ.”

ಅಪ್ಪ ತೊಟ್ಟಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದ. ಆಮೇಲೆ ಗೊಳ್ಳೆಂದು ನಕ್ಕು ಎರಡನೇ ಕುರ್ಚಿಯಲ್ಲಿ ಹೋಗಿ ಕೂತ. “ಸರಿ ಕಣಯ್ಯ, ಬೋಣಿ ನಂದೇ. ಮಾಡು ನೋಡೋಣ.”

ಮಗಳ ಎದೆ ಹಗುರಾಯಿತು. ಪರದೆಯ ಮಡಿಕೆ ಬಿಚ್ಚಿ ಒಗೆದು ಒಣಗಿಸಬೇಕು ಅಂದುಕೊಂಡಳು.

ಅಳಿಯ ನೊರೆ ಹಚ್ಚಿದ, ಕತ್ತಿ ಮಸೆದ. ಎಡಗೆನ್ನೆ ಬೆಣ್ಣೆಯ ಹಾಗೆ ಬಂತು. ಅಪ್ಪ ಕಣ್ಣು ಮುಚ್ಚಿಕೊಂಡೇ ಕೆನ್ನೆ ಸವರಿ ನೋಡಿಕೊಂಡ.

“ಆಯ್ತಲ್ಲ ಆಸೆ? ಮುಗಿಸಿ ದುಪ್ಪಟಿ ಮತ್ತೆ ಹೊದಿಸು.”

ಕತ್ತಿ ನಿಂತಿತು. “ಯಾಕೆ ಮಾವ?”

“ಕದ್ದು ನೆಟ್ಟದ್ದು ಲೆಕ್ಕಕ್ಕಿಲ್ಲ. ಮರಿಯಂತೂ ಲೆಕ್ಕಕ್ಕೇ ಇಲ್ಲ, ಮಗಳ ಗಂಡನ ಹಾಗೆ. ನಾನು ಬದುಕಿರೋ ತನಕ ಈ ಅಂಗಡೀಲಿ ಒಂದೇ ಕುರ್ಚಿ ಮೀನಪ್ಪ. ಬಲಗಡೆ ಬೇಗ ಮಾಡು, ಜನ ಬರ್ತಾರೆ.”

ಅಳಿಯ ಕತ್ತಿಯನ್ನು ಒರೆಸಿದ, ಕನ್ನಡಿಯ ಮುಂದೆ ಇಟ್ಟ. ಕೈ ತೊಳೆದ. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಆಮೇಲೆ ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಹೊರಗೆ ಭಾನುವಾರದ ಗಿರಾಕಿಗಳು ನಿಂತಿದ್ದರು, ಮುಂದೆ ದರ್ಜಿ.

“ಬನ್ನಿ ಬನ್ನಿ. ಯಜಮಾನ್ರು ಕುರ್ಚಿ ಮೇಲಿದ್ದಾರೆ. ಉಳಿದಿದ್ದನ್ನ ಅವರೇ ಮಾಡ್ಕೊಳ್ತಾರೆ, ಅವರ ಕೈ ನೋಡಿ ಕಲೀರಿ.”

“ರೀ,” ಎಂದಳು ಮಗಳು.

ಅವನು ಅವಳ ಮುಂದೆ ಒಂದು ಗಳಿಗೆ ನಿಂತ. “ನೀನೇನೂ ನೋಡಿಲ್ಲ ತಾನೆ?” ಎಂದ. “ಇದನ್ನೂ ನೋಡ್ಬೇಡ.”

ಜನರ ನಡುವೆ ದಾರಿ ಮಾಡಿಕೊಂಡು ಹೋದ. ಪೊರಕೆ ಬಾಗಿಲ ಮೂಲೆಯಲ್ಲಿ ಒರಗಿತ್ತು.

ಅಪ್ಪ ಕತ್ತಿ ಎತ್ತಿಕೊಂಡ. ಎಲ್ಲರೂ ನೋಡುತ್ತಿದ್ದರು. ಕೆನ್ನೆಯ ಹತ್ತಿರ ಬಂದ ಕತ್ತಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರಿತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡ. ಎರಡೂ ಸೇರಿ ಅದುರಿದವು. ಬಿಳಿ ನೊರೆಯಲ್ಲಿ ಒಂದು ಕೆಂಪು ಗೆರೆ ಎದ್ದಿತು. ದರ್ಜಿಗೆ ಅಭ್ಯಾಸಬಲದಿಂದ ನಗು ಬಂತು, ಜೋರಾಗಿಯೇ ಬಂತು. ಯಾರೂ ಜೊತೆ ಸೇರದ್ದು ನೋಡಿ, ನೆಲ ನೋಡುತ್ತಾ ತನ್ನ ಅಂಗಡಿಗೆ ಹೋದ. ಮಿಕ್ಕವರೂ, ಆಮೇಲೆ ಬರ್ತೀವಿ ಯಜಮಾನ್ರೆ, ಅನ್ನುತ್ತಾ ಒಬ್ಬೊಬ್ಬರೇ ಇಳಿದು ಹೋದರು.

“ಕಿತ್ತು ಬಿಸಾಡೇ ಆ ಗಿಡಾನ!” ಎಂದ ಅಪ್ಪ.

ಮಗಳು ಫ್ಲಾಸ್ಕು ಹಿಡಿದು ನಿಂತಲ್ಲೇ ನಿಂತಿದ್ದಳು. ಅಪ್ಪ ತಾನೇ ಎದ್ದ. ಬಲಗೆನ್ನೆಯ ನೊರೆ ಒಣಗುತ್ತಿತ್ತು. ತೋಳು ಮಡಚದೆಯೇ ತೊಟ್ಟಿಯೊಳಗೆ ಕೈ ಇಳಿಸಿ, ಮೂಲೆಯ ಗಿಡಕ್ಕೆ ಬೆರಳು ಚಾಚಿದ. ಬೆರಳು ಅದುರುತ್ತಿತ್ತು, ಎಲೆ ಸಿಗುತ್ತಿತ್ತು, ಜಾರುತ್ತಿತ್ತು. ಅದುರುವುದನ್ನು ಕಂಡು, ಯಾರೋ ಕಾಳು ಉದುರಿಸಿದರೆಂದು, ಮೀನುಗಳೆಲ್ಲ ಬಂದು ಅವನ ಬೆರಳಿನ ಸುತ್ತ ಬಾಯಿ ತೆರೆದುಕೊಂಡು ಸೇರಿದವು.

ಅಳಿಯ ಅಂಗಡಿ ಬಿಟ್ಟು ಹೋದದ್ದು ಆ ಭಾನುವಾರ.