ಪೊಲೆಂತಾ ಹಲಗೆಯ ಎರಡು ದಡ

ನಾನು ಒಂದು ಹಲಗೆ. ಅಕ್ರೋಟು ಮರದ್ದು. ಇಟಲಿಯ ಉತ್ತರದಲ್ಲಿ, ಬೆರ್ಗಮೋ ಬೆಟ್ಟಗಳ ಒಂದು ಹಳ್ಳಿಯಲ್ಲಿ, ಬೋರ್ತೊಲೋ ಎಂಬ ಬಡಗಿ ನನ್ನನ್ನು ತನ್ನ ಮನೆಗೆಂದೇ ಕೊಯ್ದು ಉಜ್ಜಿ ಮಾಡಿದ. ಬಣ್ಣ ಹಚ್ಚಲಿಲ್ಲ. ನನ್ನ ಮೇಲೆ ಊಟ ಬೀಳುವುದಿತ್ತು.

ಅಲ್ಲಿಯ ಊಟ ಪೊಲೆಂತಾ. ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕೈಬಿಡದೆ ತಿರುವಬೇಕು. ಗಟ್ಟಿಯಾದ ಮೇಲೆ ತಟ್ಟೆಗೆ ಹಾಕುವುದಿಲ್ಲ, ನೇರ ನನ್ನ ಮೈಮೇಲೆ ಸುರಿಯುತ್ತಾರೆ. ನಡುವೆ ಒಂದಿಷ್ಟು ಮಾಂಸ. ಸುತ್ತ ಕುಳಿತವರು ತಂತಮ್ಮ ಅಂಚಿನಿಂದ ತಿನ್ನುತ್ತ ನಡುವಿಗೆ ಬರಬೇಕು. ಇನ್ನೊಬ್ಬರ ಪಾಲಿಗೆ ಚಮಚ ಹಾಕುವಂತಿಲ್ಲ. ಮೊದಲು ಏಳು ಚಮಚಗಳಿದ್ದವು. ಅವು ನಡುವೆ ಒಂದಕ್ಕೊಂದು ತಾಗುವ ಗಳಿಗೆಗೆ ನಾನು ಕಾಯುತ್ತಿದ್ದೆ.

ಕೊನೆಗೆ ಎರಡೇ ಉಳಿದವು: ಬೋರ್ತೊಲೋನ ಹೆಣ್ಣುಮಕ್ಕಳು, ಹಿರಿಯಳು ಇಲ್ದಾ, ಕಿರಿಯಳು ನೊಯೇಮಿ. ಇಬ್ಬರಿಗೂ ಮದುವೆಯಾಗಲಿಲ್ಲ. ನೊಯೇಮಿಯನ್ನು ಕೇಳಿಕೊಂಡು ಒಬ್ಬ ಗಡಿಯಾರ ರಿಪೇರಿಯವನು ಬಂದಿದ್ದ. "ಅವಳಿಗೆ ಮನಸ್ಸಿಲ್ಲ" ಎಂದು ಇಲ್ದಾ ಅವನನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟಿದ್ದಳು. ನೊಯೇಮಿಗೆ ಅದು ಗೊತ್ತಾದದ್ದು ಇಪ್ಪತ್ತು ವರ್ಷದ ಮೇಲೆ. ಅಂದಿನಿಂದ ಅಕ್ಕನೊಡನೆ ಮಾತು ಬಿಟ್ಟಳು.

ಆದರೆ ಒಬ್ಬರಿಗಾಗಿ ಯಾರೂ ಮುಕ್ಕಾಲು ಗಂಟೆ ತಿರುವುವುದಿಲ್ಲ. ಹಾಗಾಗಿ ಒಂದೇ ಪಾತ್ರೆ, ಒಂದೇ ಹಲಗೆ. ಎರಡು ತುದಿಗೆ ಕುಳಿತು ಇಬ್ಬರೂ ನಡುವಿನತ್ತ ಬರುತ್ತಿದ್ದರು. ನಡುವೆ ನಾಲ್ಕು ಬೆರಳಗಲದ ಪಟ್ಟಿ ಬಾಕಿ ಇರುವಾಗ ನಿಲ್ಲಿಸುತ್ತಿದ್ದರು. ಮಾಂಸ ಆ ಪಟ್ಟಿಯ ಮೇಲೇ ತಣ್ಣಗಾಗುತ್ತಿತ್ತು. ಬೆಳಿಗ್ಗೆ ಮೊದಲು ಎದ್ದವಳು ಅದನ್ನು ಹುರಿದು ಅರ್ಧ ತಿಂದು, ಉಳಿದರ್ಧ ಮುಚ್ಚಿಡುತ್ತಿದ್ದಳು.

"ಉಪ್ಪು ಕಮ್ಮಿ ಅಂತ ಹೇಳು ಅವಳಿಗೆ," ಎಂದು ನೊಯೇಮಿ ಬೆಕ್ಕಿಗೆ ಹೇಳುತ್ತಿದ್ದಳು.

"ನಾಲಿಗೆ ಕೆಟ್ಟವರಿಗೆ ಹಾಗೇ ಅನ್ಸುತ್ತೆ ಅಂತ ನೀನೂ ಹೇಳು," ಎಂದು ಇಲ್ದಾ ಅದೇ ಬೆಕ್ಕಿಗೆ.

ಪಕ್ಕದ ಮನೆಯ ದೆಲ್ಫೀನಾ ಒಮ್ಮೆ ನನ್ನನ್ನು ನೋಡಿ ನಕ್ಕಳು. "ಇದೇನ್ರೇ, ದಾಟೋಕೆ ಪಾಸ್‌ಪೋರ್ಟ್ ಬೇಕಾ?" ಇಬ್ಬರೂ ನಗಲಿಲ್ಲ.

ಮಾತು ಬಿಟ್ಟ ಹನ್ನೊಂದನೆಯ ಚಳಿಗಾಲದಲ್ಲಿ ಲಕ್ವ ಹೊಡೆದು ಇಲ್ದಾಳ ಬಲಗೈ ಬಿದ್ದುಹೋಯಿತು. ತಿರುವುವ ಕೆಲಸ ಪೂರ್ತಿ ನೊಯೇಮಿಯದಾಯಿತು. ಒಂದು ಭಾನುವಾರ ಇಲ್ದಾ ಎಡಗೈಯಲ್ಲಿ ಚಮಚ ಹಿಡಿದು, ಮಾಂಸದ ತುಂಡನ್ನು ಪಟ್ಟಿಯಾಚೆ ತಂಗಿಯ ಬದಿಗೆ ತಳ್ಳಿದಳು. ಆ ನಾಲ್ಕು ಬೆರಳಿಗೆ ಬಹಳ ಹೊತ್ತು ಹಿಡಿಯಿತು.

"ನೀನು ಹೋದ್ರೆ ನಾನೊಬ್ಬಳೇ ಆಗ್ತಿದ್ದೆ. ಅದಕ್ಕೇ ಅವನನ್ನ ಕಳಿಸಿದ್ದು," ಎಂದಳು. ಈ ಸಲ ಬೆಕ್ಕಿಗಲ್ಲ. "ತಿನ್ನು, ನೊಯೇಮಿ."

ನೊಯೇಮಿ ಆ ತುಂಡನ್ನು ನೋಡಿದಳು. ಎದ್ದುಹೋಗಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ್ದನ್ನೇ ತಿಕ್ಕಿದಳು.

ಗುರುವಾರ ಇಲ್ದಾಳನ್ನು ಮಣ್ಣು ಮಾಡಿದರು.

ಮುಂದಿನ ಭಾನುವಾರ ನೊಯೇಮಿ ಇಬ್ಬರಿಗಾಗುವಷ್ಟೇ ತಿರುವಿದಳು. ಕೈಗೆ ಬೇರೆ ಅಳತೆ ಗೊತ್ತಿರಲಿಲ್ಲ. ತನ್ನ ಅಂಚಿನಿಂದ ಶುರುಮಾಡಿದಳು. ಪಟ್ಟಿಯ ಹತ್ತಿರ ಚಮಚ ನಿಂತಿತು. ಆಮೇಲೆ ದಾಟಿತು. ಮಾಂಸ ತಿಂದಳು, ಎದ್ದು ನಿಂತು ಬಗ್ಗಿ ಅಕ್ಕನ ಬದಿಯನ್ನೂ ತಿಂದಳು, ಆಚೆಯ ಅಂಚಿನವರೆಗೂ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ತಣ್ಣಗೆ ಗಟ್ಟಿಯಾಗಿತ್ತು. ಚಮಚ ಬರಿ ಮರವನ್ನು ಕೆರೆಯಿತು.

ನನ್ನನ್ನು ಒರೆಸಿ, ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಈಗ ಅವಳು ಬ್ರೆಡ್ಡು, ಸೂಪು, ಏನೋ ಒಂದು ತಟ್ಟೆಯಲ್ಲಿ ತಿನ್ನುತ್ತಾಳೆ. ಪಿಂಗಾಣಿಯ ಮೇಲೆ ಚಮಚದ ಸದ್ದು ನನಗೆ ಕೇಳಿಸುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಉಣ್ಣುವವರಿಗೆ ನಾನು ತೀರ ಉದ್ದ.