ಅಲೆಗೆ ಎರಡು ವಿಷಲ್

ಅಣ್ಣಮ್ಮ ತಾಯಿ ಆಣೆ, ಕೈಯಲ್ಲಿರುವ ಈ ಕಾಫಿ ಲೋಟದ ಆಣೆ, ಇದು ನಡೆದದ್ದೇ. ಒಂದು ಅಕ್ಷರ ಕೂಡಿಸಿಲ್ಲ. ಕೂಡಿಸಿದ್ದರೆ ಈ ಜನ್ಮದಲ್ಲಿ ನನಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದೆ ಹೋಗಲಿ.

ಕೆಂಗೇರಿಯಿಂದ ಹೊರಟು ನಾಗರಬಾವಿ ಸುತ್ತಿ ಹೆಗ್ಗನಹಳ್ಳಿಗೆ ಹೋಗುವ ಒಂದು ಸಿಟಿ ಬಸ್ಸು. ಅದರ ಡ್ರೈವರ್ ಮಹದೇವ್. ನಲವತ್ತು ದಾಟಿದರೂ ಮದುವೆಯಾಗದೆ ಉಳಿದವನು. ಹೆಣ್ಣು ನೋಡಬೇಕಾದ ಕಾಲದಲ್ಲಿ ಅಮ್ಮನಿಗೆ ಕಾಯಿಲೆ, ಅಮ್ಮ ಹೋದ ಮೇಲೆ ತಂಗಿಯ ಮದುವೆ. ಆಮೇಲೆ ಯಾರೂ ಕೇಳಲಿಲ್ಲ, ಅವನೂ ನೆನಪಿಸಲಿಲ್ಲ. ಬಸ್ಸಿನ ಕಂಡಕ್ಟರ್ ಗುರುದೇವಿ, ವಿಜಯಪುರದ ಕಡೆಯವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕೆಲಸ ಸಿಕ್ಕಿತೆಂದು ಇಷ್ಟು ದೂರ ಬಂದು, ಹೆಗ್ಗನಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬಳೇ ಇದ್ದಳು.

ಗುರುದೇವಿಯ ಕಾಲಿನ ವಿಷಯ ಮೊದಲೇ ಹೇಳಿಬಿಡಬೇಕು. ಓಡುವ ಬಸ್ಸಿನಲ್ಲಿ ಅವಳು ಏನನ್ನೂ ಹಿಡಿದುಕೊಂಡವಳಲ್ಲ. ಒಂದು ಕೈಯಲ್ಲಿ ಟಿಕೆಟ್ ಮಿಷನ್ನು, ಇನ್ನೊಂದರಲ್ಲಿ ಚಿಲ್ಲರೆ. ಕಾಲು ಮಾತ್ರ ಬೇರು ಬಿಟ್ಟ ಹಾಗೆ. ಒಮ್ಮೆ ಉಲ್ಲಾಳ ಕ್ರಾಸಿನಲ್ಲಿ ಎಮ್ಮೆಯೊಂದು ಅಡ್ಡ ಬಂದು ಮಹದೇವ್ ಬ್ರೇಕು ತುಳಿದಾಗ, ಬಸ್ಸಿನಲ್ಲಿದ್ದವರೆಲ್ಲ ಗಾಳಿಗೆ ಸಿಕ್ಕ ರಾಗಿ ಪೈರಿನಂತೆ ಮುಂದಕ್ಕೆ ಬಾಗಿದರು. ಹಿಂದಿನ ಸೀಟಿನ ಯಜಮಾನರೊಬ್ಬರು ಮುಂದಿನ ಸೀಟಿಗೆ ಬಂದು ಕೂತರು. ಯಾರದೋ ದಂಟಿನ ಸೊಪ್ಪಿನ ಕಟ್ಟು ಹಾರಿ ಗೇರಿನ ಮೇಲೆ ಬಿತ್ತು. ಅವತ್ತು ಗುರುದೇವಿಯ ಕೈಯಲ್ಲಿ ಅಂಚಿನ ತನಕ ತುಂಬಿದ ಚಹಾದ ಲೋಟ ಇತ್ತು. ಒಂದು ಹನಿ ಚೆಲ್ಲಲಿಲ್ಲ. "ಚಿಲ್ಲರೆ ಕೊಡ್ರಿ" ಅಂದಳು, ಅಷ್ಟೇ. ಎಮ್ಮೆಯೇ ನಾಚಿಕೊಂಡು ಪಕ್ಕಕ್ಕೆ ಸರಿಯಿತು.

ಇದೆಲ್ಲ ಮಹದೇವನಿಗೆ ಕಂಡದ್ದು ತಲೆಯ ಮೇಲಿನ ಕನ್ನಡಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿನ ಗಾಜು ಒರೆಸದಿದ್ದರೂ ಆ ಕನ್ನಡಿಯನ್ನು ಮಾತ್ರ ಪೇಪರಿನಿಂದ ಉಜ್ಜಿ ಉಜ್ಜಿ ಒರೆಸುತ್ತಿದ್ದ. ಅವಳು ಒಂದು ವಿಷಲ್ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಎರಡನೆಯ ವಿಷಲ್ ಮುಗಿಯುವಷ್ಟರಲ್ಲಿ ಅವಳ ಎಡಗಾಲು ಮುಂದಕ್ಕೆ, ಬಲಗಾಲು ಹಿಂದಕ್ಕೆ ತಾನಾಗಿ ಊರಿಕೊಳ್ಳುತ್ತಿತ್ತು. ಅದನ್ನು ಕನ್ನಡಿಯಲ್ಲಿ ನೋಡಿಕೊಂಡೇ ಅವನು ಕ್ಲಚ್ಚು ಬಿಡುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆದು, ರಜೆಯ ದಿನ ಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿದರೂ ಮಹದೇವನ ಎಡಗಾಲು ನೆಲದಲ್ಲಿ ಕ್ಲಚ್ಚು ಹುಡುಕುತ್ತಿತ್ತು.

ಇನ್ನೊಂದು ವಿಷಯ. ಇಡೀ ಡಿಪೋ ಅವನನ್ನು ಮಹದೇವಣ್ಣ ಎನ್ನುತ್ತಿತ್ತು. ಗುರುದೇವಿ ಒಂದು ದಿನವೂ 'ಅಣ್ಣ' ಅಂದಿರಲಿಲ್ಲ. 'ಡ್ರೈವರ್ ಸಾಹೇಬ್ರ' ಎನ್ನುತ್ತಿದ್ದಳು. ಅವಳು ಹೇಳದ ಆ ಒಂದು ಮಾತನ್ನು ನಂಬಿಕೊಂಡೇ ಮಹದೇವ್ ಇಷ್ಟು ವರ್ಷ ಬದುಕಿದ್ದ.

ಹಾಗಿರುವಾಗ, ಒಂದು ಬೇಸಿಗೆಯಲ್ಲಿ ಗುರುದೇವಿ ಊರಿನ ಕಡೆಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದಳು. ಮುಂದಿನ ಯುಗಾದಿಯ ಹೊತ್ತಿಗೆ ಆರ್ಡರ್ ಬರುತ್ತದೆ ಎಂದು ಸುದ್ದಿ. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಮಹದೇವ್ ಗಂಟಲು ಸರಿಮಾಡಿಕೊಂಡು ಕೇಳಿದ.

"ಯಾಕ್ ಹೋಗ್ತೀರಾ?"

"ಇಲ್ಲಿ ಯಾರು ಅದಾರ್ರಿ ನಂಗ? ಇರು ಅನ್ನಾವ್ರೂ ಒಬ್ರಿಲ್ಲ."

ನಾನಿದ್ದೀನಲ್ಲ ಎನ್ನಬೇಕಿತ್ತು. ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು, ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಒಳ್ಳೆಯ ಟೈಮು ನೋಡಿ ಹೇಳಿದರಾಯಿತು ಎಂದು ಮಹದೇವ್ ಬಾಯಿ ಮುಚ್ಚಿಕೊಂಡ.

ಮಳೆ ಶುರುವಾದ ಮೇಲೆ, ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಲಾ ಓದುತ್ತಿದ್ದ ಅನಘಾ ಎಂಬ ಹುಡುಗಿ ಒಂದು ದಿನ ಬಸ್ಸಿನಲ್ಲಿ ತನ್ನ ಫೋನನ್ನು ಗುರುದೇವಿಯ ಮುಖದ ಮುಂದೆ ಹಿಡಿದಳು. ಅದರಲ್ಲಿ ಒಬ್ಬಳು ಹೆಂಗಸು ಉದ್ದನೆಯ ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯ ಜೊತೆಗೇ ಜಾರಿಕೊಂಡು ಬರುತ್ತಿದ್ದಳು.

"ಇದು ಸರ್ಫಿಂಗು ಕಂಡಕ್ಟರ್ ಆಂಟಿ. ನಮ್ ಕ್ಲಾಸಿನೋರೆಲ್ಲ ಹೋಗಿ ಮೂಗಿಗೆ ನೀರು ತುಂಬ್ಕೊಂಡ್ ಬಂದ್ವಿ. ಒಬ್ರಿಗೂ ನಿಲ್ಲೋಕಾಗ್ಲಿಲ್ಲ. ನೀವು ನೋಡಿದ್ರೆ ದಿನಾ ಫ್ರೀಯಾಗಿ ನಿಂತಿರ್ತೀರ."

ಗುರುದೇವಿ ಆ ವಿಡಿಯೊ ಮೂರು ಸ್ಟಾಪು ನೋಡಿದಳು. ಮೂರು ಸ್ಟಾಪಿನಲ್ಲಿ ಇಳಿದವರು, ಹತ್ತಿದವರು ಯಾರೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ನೇರ ಡ್ರೈವರ್ ಸೀಟಿನ ಹತ್ತಿರ ಬಂದಳು.

"ಡ್ರೈವರ್ ಸಾಹೇಬ್ರ, ನಮ್ ಕಡೆ ನೀರಂದ್ರ ಕೆರಿ ನೀರು, ಹೊಳಿ ನೀರು. ಸಮುದ್ರ ನೋಡೇ ಇಲ್ಲ ನಾ. ಊರಿಗೆ ಹೋಗೂದ್ರೊಳಗ ಇದರ ಮ್ಯಾಲೆ ಒಮ್ಮೆ ನಿಂದರಬೇಕ್ರಿ."

"ನಾನ್ ಕರ್ಕೊಂಡ್ ಹೋಗ್ತೀನಿ" ಅಂದುಬಿಟ್ಟ ಮಹದೇವ್. ಆ ಮಾತು ತನ್ನ ಬಾಯಿಂದಲೇ ಬಂತೋ ಬಸ್ಸಿನ ರೇಡಿಯೊದಿಂದ ಬಂತೋ ಎಂದು ಅವನಿಗೇ ಅನುಮಾನ. ಬಸ್ಸಿನಲ್ಲಿ ರೇಡಿಯೊ ಇರಲಿಲ್ಲ.

"ನಾನೂ ಬರ್ತೀನಿ ಅಂಕಲ್" ಅಂದಳು ಅನಘಾ. "ನಿಮ್ಮಿಬ್ರನ್ನೇ ಕಳಿಸಿದ್ರೆ ಡಿಪೋದವ್ರು ಕಥೆ ಕಟ್ತಾರೆ."

ಹೋಗುವುದು ಯಾವಾಗ? ಮೂಲ್ಕಿಯ ಹತ್ತಿರ ಸರ್ಫಿಂಗ್ ಕಲಿಸುವ ಇಂಚರಾ ಎಂಬುವಳಿಗೆ ಅನಘಾ ಫೋನು ಹಚ್ಚಿ ಕೊಟ್ಟಳು.

"ನಾಳೆನ ಬರ್ತೀವ್ರಿ" ಅಂದಳು ಗುರುದೇವಿ.

"ಅಯ್ಯೋ ಬೇಡ ಮಾರಾಯ್ರೆ" ಅಂದಳು ಇಂಚರಾ. "ಈ ಮಳೆಗೆ ನಾವೇ ನೀರಿಗೆ ಇಳಿಯುವುದಿಲ್ಲ. ಈಗಿನ ಅಲೆ ಮನೆಯಷ್ಟು ಎತ್ತರ ಉಂಟು, ಎತ್ತಿ ಬಿಸಾಡ್ತದೆ. ಹೊಸಬರಿಗೆ ಸಣ್ಣ ಅಲೆ ಬೇಕು. ನವೆಂಬರ್ ಕಳೆದ ಮೇಲೆ ಬನ್ನಿ, ಸೊಂಟದಷ್ಟು ಅಲೆ, ನೀರೂ ಶಾಂತ ಇರ್ತದೆ. ಫೆಬ್ರವರಿ ದಾಟಿಸ್ಬೇಡಿ. ಮತ್ತೆ ಬೆಳಿಗ್ಗೆ ಬೇಗ ಇಳಿಯಬೇಕು, ಬಿಸಿಲೇರಿದ್ರೆ ಗಾಳಿ ಸಮುದ್ರದ ಕಡೆಯಿಂದ ತಿರುಗಿ ಅಲೆ ಎಲ್ಲ ಹಾಳು ಮಾಡ್ತದೆ."

ಸಮುದ್ರದ ಟೈಮು ಗೊತ್ತಾಯಿತು. ಇನ್ನು ಡಿಪೋದ ಟೈಮು. ಅಲ್ಲಿ ಡ್ಯೂಟಿ ಹಾಕುವವರು ಚಿಕ್ಕಮುನಿಯಪ್ಪ, ದಪ್ಪ ಕನ್ನಡಕದ, ಗಂಟು ಮುಖದ ಮನುಷ್ಯ. ಮಹದೇವ್ ನವೆಂಬರಿನಲ್ಲಿ ಹೋಗಿ ಕೇಳಿದ.

"ಇಬ್ರಿಗೂ ಒಟ್ಟಿಗೆ ರಜೆ ಕೊಟ್ರೆ ಬಸ್ಸನ್ನ ನಾನ್ ತಳ್ಕೊಂಡ್ ಹೋಗ್ಲಾ? ಕಡಲೆಕಾಯಿ ಪರಿಷೆ ಬಂತು, ಸ್ಪೆಷಲ್ ಬಸ್ ಬಿಡ್ಬೇಕು. ಆಮೇಲ್ ಬಾ."

ಡಿಸೆಂಬರಿನಲ್ಲಿ ಹೋದರೆ ವೈಕುಂಠ ಏಕಾದಶಿ. ಜನವರಿಯಲ್ಲಿ ಹೋದರೆ ಸಂಕ್ರಾಂತಿ. ಪ್ರತಿ ಸಲ ಇಲ್ಲ ಅನ್ನಿಸಿಕೊಂಡು ಬಂದಾಗಲೂ ಮಹದೇವನಿಗೆ ಒಳಗೊಳಗೇ ಒಂದು ಸಮಾಧಾನ; ಹೇಳಬೇಕಾದ ಮಾತು ಇನ್ನೊಂದು ತಿಂಗಳು ಮುಂದಕ್ಕೆ ಹೋಯಿತಲ್ಲ. ಕನ್ನಡಿಯಲ್ಲಿ ಗುರುದೇವಿಯ ಮುಖ ಕಂಡ ಕೂಡಲೇ ಆ ಸಮಾಧಾನ ಕರಗಿ ಹೋಗುತ್ತಿತ್ತು. ಯುಗಾದಿಯನ್ನು ಮುಂದಕ್ಕೆ ಹಾಕಲು ಯಾವ ಡಿಪೋದಿಂದಲೂ ಆಗುವುದಿಲ್ಲ.

ಫೆಬ್ರವರಿಯಲ್ಲಿ ಚಿಕ್ಕಮುನಿಯಪ್ಪನವರೇ ಅವನನ್ನು ಕರೆಸಿದರು.

"ನಿನ್ ಬಸ್ಸು ಎಫ್.ಸಿ.ಗೆ ಹೋಗ್ತಾ ಇದೆ ಕಣಯ್ಯಾ. ರಿಪೇರಿ, ಪೇಂಟು, ಫಿಟ್ನೆಸ್ಸು ಎಲ್ಲಾ ಮುಗಿಯೋ ತನಕ ನಿಮ್ಮಿಬ್ರಿಗೆ ಗಾಡಿ ಇಲ್ಲ. ಬೇರೆ ಗಾಡಿಗೆ ಹಾಕ್ಬೇಕು, ಹಾಕಲ್ಲ. ಹೋಗ್ಬಾ."

"ಥ್ಯಾಂಕ್ಸ್ ಸಾರ್."

"ಬರಿಗೈಲಿ ವಾಪಸ್ ಬಂದ್ಯೋ, ವರ್ಷ ಪೂರ್ತಿ ಕೊನೇ ಟ್ರಿಪ್ಪೇ ಹಾಕ್ತೀನಿ."

"ಒಣಮೀನು ತರ್ಲಾ ಸಾರ್?"

ಚಿಕ್ಕಮುನಿಯಪ್ಪ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಮೀನಲ್ಲ ಕಣೋ, ದಡ್ಡ."

ಮೂವರೂ ಹೋದರು. ಬೆಳಗಿನ ಹೊತ್ತು ಕಡಲ ದಂಡೆಗೆ ಬಂದು ನಿಂತಾಗ ಗುರುದೇವಿ ನೀರಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು. ಕೊನೆಗೆ, "ಇದಕ್ಕ ಲಾಸ್ಟ್ ಸ್ಟಾಪ್ ಇಲ್ಲೇನ್ರಿ?" ಎಂದು ಕೇಳಿದಳು. ಮೈಗೆ ಅಂಟುವ ರಬ್ಬರಿನಂಥ ಅಂಗಿ ತೊಟ್ಟು, ರಜೆಯಲ್ಲೂ ಬಿಟ್ಟಿರದ ಕತ್ತಿನ ವಿಷಲ್ಲು ಬಿಚ್ಚಿ ಮಹದೇವನ ಕೈಗೆ ಕೊಟ್ಟಳು.

"ತೋಯಿಸಬ್ಯಾಡ್ರಿ. ಜ್ವಾಕಿ."

ಮಹದೇವನಿಗೆ ಈಜು ಬಾರದು. ಪ್ಯಾಂಟು ಮಡಚಿ, ವಿಷಲ್ಲು ಕತ್ತಿಗೆ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತ. ಇಂಚರಾ ಗುರುದೇವಿಯನ್ನು ಹಲಗೆಯ ಮೇಲೆ ಬೋರಲು ಮಲಗಿಸಿ, ಅಲೆ ಬಂದಾಗ ಹಿಂದಿನಿಂದ ತಳ್ಳಿ, "ಈಗ ಏಳಿ ಆಂಟಿ" ಎಂದು ಕೂಗುತ್ತಿದ್ದಳು. ಗುರುದೇವಿ ಎದ್ದಳು, ಬಿದ್ದಳು. ಒಮ್ಮೆ ಬೇಗ ಎದ್ದು ಬಿದ್ದಳು, ಒಮ್ಮೆ ತಡವಾಗಿ ಎದ್ದು ಬಿದ್ದಳು. ಕೆಂಗೇರಿಯಿಂದ ಹೆಗ್ಗನಹಳ್ಳಿಯ ತನಕ ಯಾವ ಗುಂಡಿ ಎಲ್ಲಿದೆ ಎಂದು ಅವಳ ಕಾಲಿಗೆ ಗೊತ್ತಿತ್ತು. ಇಲ್ಲಿ ಗುಂಡಿಯೇ ಹಿಂದಿನಿಂದ ಓಡಿ ಬರುತ್ತಿತ್ತು.

ಬಿಸಿಲೇರಿತು. ಇಂಚರಾ ಆಕಾಶ ನೋಡಿ, "ಗಾಳಿ ತಿರುಗ್ತಾ ಉಂಟು. ಇನ್ನೊಂದು ಅಲೆ ಅಷ್ಟೇ" ಅಂದಳು.

ಗುರುದೇವಿ ಮಹದೇವನ ಕಡೆ ನೋಡಿದಳು. ಕೂದಲು ಮುಖಕ್ಕೆ ಅಂಟಿತ್ತು, ಕಣ್ಣು ಕೆಂಪಾಗಿತ್ತು. "ಆಗೂದಿಲ್ಲ ಅನಸ್ತದ್ರಿ, ಡ್ರೈವರ್ ಸಾಹೇಬ್ರ" ಅಂದಳು, ಸಣ್ಣ ಹುಡುಗಿಯ ದನಿಯಲ್ಲಿ. ಇಷ್ಟು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ.

ಅಲೆ ಬಂತು. ಹಲಗೆಯ ಬಾಲ ಸ್ವಲ್ಪ ಮೇಲೆದ್ದಿತು, ಗುರುದೇವಿಯ ಬೆನ್ನು ಬಿಗಿಯಾಯಿತು. ಅದನ್ನು ಮಹದೇವ್ ಕನ್ನಡಿಯಲ್ಲಿ ಎಷ್ಟು ಸಲ ನೋಡಿರಲಿಲ್ಲ? ಕೈ ತಾನಾಗಿ ಕತ್ತಿಗೆ ಹೋಯಿತು. ವಿಷಲ್ಲು ಬಾಯಿಗಿಟ್ಟು ಎರಡು ಸಲ ಊದಿದ.

ಗುರುದೇವಿ ಯೋಚನೆ ಮಾಡಲಿಲ್ಲ, ಕಾಲು ಮಾಡಿತು. ಎಡಗಾಲು ಮುಂದಕ್ಕೆ, ಬಲಗಾಲು ಹಿಂದಕ್ಕೆ. ಹಲಗೆಯ ಮೇಲೆ, ನಾಗರಬಾವಿ ಸರ್ಕಲ್ಲಿನಲ್ಲಿ ನಿಂತಷ್ಟೇ ಸಲೀಸಾಗಿ ನಿಂತುಬಿಟ್ಟಳು.

ಆ ಅಲೆ ಒಡೆಯಲೇ ಇಲ್ಲ. ಇಂಥ ಹೆಂಗಸನ್ನು ಹೊತ್ತುಕೊಂಡು ಯಾವ ಅಲೆ ತಾನೇ ಒಡೆದೀತು? ಲಂಗರು ಹಾಕಿದ್ದ ದೋಣಿಗಳನ್ನು ಒಂದು ಸುತ್ತು ಬಳಸಿತು, ನದಿ ಸೇರುವ ಕಡೆ ಹೋಗಿ ಯು-ಟರ್ನ್ ತೆಗೆದುಕೊಂಡು ಬಂತು. ಹಲಗೆಯ ತುದಿಗೆ ಕೊಕ್ಕರೆಯೊಂದು ಬಂದು ಕೂತಾಗ ಗುರುದೇವಿಯ ಕೈ ಅಭ್ಯಾಸಬಲದಿಂದ ಸೊಂಟದಲ್ಲಿ ಇಲ್ಲದ ಟಿಕೆಟ್ ಮಿಷನ್ನು ತಡಕಿತು. "ಎಲ್ಲಿಗ್ರಿ?" ಎಂದು ಕೇಳಿದ್ದನ್ನು ಅನಘಾ ಕಿವಿಯಾರೆ ಕೇಳಿದ್ದಾಳೆ. ಇತ್ತ ತೆಂಗಿನ ಮರದ ಕೆಳಗೆ ನಿಲ್ಲಿಸಿದ್ದ ಟೂರಿಸ್ಟ್ ಬಸ್ಸಿನ ಡ್ರೈವರು ಎರಡು ವಿಷಲ್ ಕೇಳಿ ನಿದ್ದೆಗಣ್ಣಿನಲ್ಲೇ ಫಸ್ಟ್ ಗೇರು ಹಾಕಿ, ಒಬ್ಬ ಪ್ಯಾಸೆಂಜರೂ ಇಲ್ಲದೆ ಉಡುಪಿಯ ದಾರಿ ಹಿಡಿದ. ಅವನ ಹಿಂದೆ ಎಳನೀರು ಕುಡಿಯುತ್ತಿದ್ದ ಜನ ಓಡಿದರು, ಅವರ ಹಿಂದೆ ಇಂಚರಾ ಮತ್ತು ಅನಘಾ ನಗುತ್ತಾ ಓಡಿದರು.

ದಂಡೆಯಲ್ಲಿ ಉಳಿದವರು ಇಬ್ಬರೇ. ಅಲೆ ಗುರುದೇವಿಯನ್ನು ಮಹದೇವನ ಕಾಲ ಬಳಿ ತಂದು ಇಳಿಸಿ ಹೋಯಿತು. ಅವಳು ಮರಳಿನ ಮೇಲೆ ಕೂತಳು. ಅವನೂ ಕೂತ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ನಿಂತೆ ನೋಡ್ರಿ" ಅಂದಳು.

"ನೋಡ್ದೆ."

"ನೀವು ನೋಡೂದು ನಂಗ ಗೊತ್ತದ. ದಿನಾ ಕನ್ನಡ್ಯಾಗ ನೋಡ್ತೀರಿ."

ಮಹದೇವನ ಕಿವಿ ಬಿಸಿಯಾಯಿತು. "ನಿಮಗೆ ಹೆಂಗ್ ಗೊತ್ತು?"

"ಆ ಕನ್ನಡ್ಯಾಗ ನಾ ನಿಮಗ ಕಂಡ್ರ, ನೀವು ನಂಗ ಕಾಣೂದಿಲ್ಲೇನ್ರಿ?" ಅವಳು ಕೂದಲಿನ ನೀರು ಹಿಂಡಿಕೊಂಡಳು. "ಯುಗಾದಿ ಬಂತು. ಏನರ ಹೇಳೂದಿತ್ತಾ?"

ಇತ್ತು. ಮಹದೇವ್ ಬಾಯಿ ತೆರೆದ. ಒಂದು ಅಲೆ ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ಎದುರಿಗೆ ಸಿಗ್ನಲ್ ಇರಲಿಲ್ಲ, ಹಿಂದೆ ಲಾರಿ ಇರಲಿಲ್ಲ. ಆದರೂ ಗಾಡಿ ಹೊರಡಲಿಲ್ಲ.

"ಟೈಮ್ ನೋಡ್ಕೊಂಡು..." ಎಂದು ತೊದಲಿದ.

ಗುರುದೇವಿ ಅವನ ಕಡೆ ಸರಿದು, ಅವನ ಕತ್ತಿನಲ್ಲಿದ್ದ ತನ್ನ ವಿಷಲ್ಲನ್ನು ಕೈಗೆ ತೆಗೆದುಕೊಂಡಳು. ದಾರ ಗಿಡ್ಡವಿತ್ತು, ಹಾಗಾಗಿ ಇನ್ನೂ ಹತ್ತಿರ ಬರಬೇಕಾಯಿತು. ಮೆಲ್ಲಗೆ, ಅವನೊಬ್ಬನಿಗೇ ಕೇಳುವಷ್ಟು, ಎರಡು ಸಲ ಊದಿದಳು.

ಮಹದೇವನ ಎಡಗಾಲು ಮರಳಿನಲ್ಲಿ ಒಮ್ಮೆ ಒತ್ತಿ, ಬಿಟ್ಟಿತು.

"ಹೋಗ್ಬೇಡಿ ಗುರುದೇವಿ" ಅಂದ. "ನನ್ ಜೊತೆ ಇದ್ಬಿಡಿ. ಮದುವೆ ಆಗೋಣ. ನನಗೆ ಕನ್ನಡೀಲಿ ನೋಡಿ ನೋಡಿ ಸಾಕಾಗಿದೆ, ಎದುರಿಗೆ ನೋಡ್ಬೇಕು."

ಅವಳು ತಲೆ ತಗ್ಗಿಸಿಕೊಂಡು ಮರಳಿನ ಮೇಲೆ ಬೆರಳಾಡಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖದ ತುಂಬಾ ಉಪ್ಪು ನೀರೇ ಇದ್ದುದರಿಂದ ಅವನಿಗೆ ತಿಳಿಯಲಿಲ್ಲ.

"ಇಷ್ಟು ಹೇಳ್ಲಿಕ್ಕ ಸಮುದ್ರದ ತನಕ ಬರಬೇಕಾತೇನ್ರಿ? ಸುಮನಹಳ್ಳಿ ಸಿಗ್ನಲ್ಲಿನ್ಯಾಗ ಹೇಳಿದ್ರೂ ನಡೀತಿತ್ತು." ಎದ್ದು ಮರಳು ಕೊಡವಿಕೊಂಡಳು. "ಏಳ್ರಿ. ಡಿಪೋಕ್ಕ ಹೋಗಿ ಅರ್ಜಿ ವಾಪಸ್ ತಗೋಬೇಕು."

ಎಫ್.ಸಿ. ಮುಗಿಸಿ ಹೊಸ ಬಣ್ಣದಲ್ಲಿ ಬಂದ ಬಸ್ಸು ಈಗಲೂ ಅದೇ ದಾರಿಯಲ್ಲಿ ಓಡುತ್ತಿದೆ. ಕಂಡಕ್ಟರು ಈಗಲೂ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಡ್ರೈವರು ಕನ್ನಡಿ ಒರೆಸುವುದನ್ನೂ ಬಿಟ್ಟಿಲ್ಲ, ಹಳೆಯ ಅಭ್ಯಾಸ.

ನಿಮ್ಮ ಮುಖ ನೋಡಿದರೆ ಅಲೆ ಯು-ಟರ್ನ್ ತೆಗೆದುಕೊಂಡಿದ್ದನ್ನು ನೀವು ನಂಬಿದ ಹಾಗೆ ಕಾಣುವುದಿಲ್ಲ. ಬೇಡ ಬಿಡಿ. ನಾಳೆ ಕೆಂಗೇರಿಯಲ್ಲಿ ಒಂದು ಲೋಟ ಬಿಸಿ ಕಾಫಿ ಹಿಡಿದು ಆ ಬಸ್ಸು ಹತ್ತಿ, ಏನನ್ನೂ ಹಿಡಿದುಕೊಳ್ಳದೆ ಹೆಗ್ಗನಹಳ್ಳಿಯ ತನಕ ನಿಂತು ಬನ್ನಿ. ಚೆಲ್ಲಿದರೆ ಕಥೆ ನಿಜ ಎಂದು ಒಪ್ಪಬೇಕು. ಚೆಲ್ಲದಿದ್ದರೆ ನಾನೇ ಸುಳ್ಳುಗಾರ. ಹೇಗಿದ್ದರೂ ಆ ಸ್ಟಾಪಿನಲ್ಲಿ ನಾನು ಕಾಯುತ್ತಾ ಕೂತಿರುತ್ತೇನೆ, ಲೋಟ ನನ್ನ ಕೈಗೇ ಕೊಡಿ. ಸಕ್ಕರೆ ಸ್ವಲ್ಪ ಕಡಿಮೆ ಇರಲಿ.